ಗಿಳಿ ಓಡಿಸುತ್ತಿದ್ದ ಮುನಿಶಾಮಿ

ಮುನಿಶಾಮಿಯ ಪ್ರಕಾರ ಜಗತ್ತಿನಲ್ಲಿ ಇದ್ದದ್ದು ಎರಡೇ ಜಾತಿಯ ಹಕ್ಕಿ. ಮಾವಿನಕಾಯಿ ತಿನ್ನುವವು, ತಿನ್ನದಿರುವವು. ತಿನ್ನುವವನ್ನು ಓಡಿಸುತ್ತಿದ್ದ, ತಿನ್ನದಿರುವವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಇಂಥವನ ಕಾವಲಿದ್ದ ತೋಟಕ್ಕೆ ನಾವು ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ನೋಡಲು ಹೋದೆವು.

“ಸ್ವಲ್ಪ ಮೆಲ್ಲಗೆ ಮಾತಾಡಪ್ಪ, ಹಕ್ಕಿಗಳು ಹೆದರ್ತವೆ,” ಎಂದ ಕಾಂತರಾಜ್.

“ಹೆದರ್ಲಿ ಅಂತಾನೇ ಸಾರ್ ನಂಗೆ ಸಂಬಳ ಕೊಡೋದು,” ಎಂದ ಮುನಿಶಾಮಿ.

ಅದು ಕೊರೋನಾದ ಎರಡನೇ ವರ್ಷದ ಮೇ ತಿಂಗಳು. ಕಾಂತರಾಜ್ ಶ್ರೀನಿವಾಸಪುರದ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ನಾನು ಅದೇ ಊರಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಆಗ ಮೊಬೈಲಿನ ಮುಂದೆ ಕೂತು ಕಪ್ಪು ಚೌಕಗಳಿಗೆ ಪಾಠ ಹೇಳುತ್ತಿದ್ದೆ. ಕಾಂತರಾಜ್ ಕಟ್ಟಿದ್ದ ಹಕ್ಕಿ ಬಳಗದಲ್ಲಿ ಮೊದಲು ಒಂದು ವ್ಯಾನು ತುಂಬುವಷ್ಟು ಜನ ಇದ್ದೆವು. ಭಾನುವಾರ ಟೇಕಲ್ ಬೆಟ್ಟ, ಇಲ್ಲವೇ ಮುಳಬಾಗಿಲ ಕಡೆಯ ಕೆರೆ, ಆಮೇಲೆ ಹೋಟೆಲಿನಲ್ಲಿ ಮಸಾಲೆದೋಸೆ. ನನ್ನ ಶ್ರದ್ಧೆಯ ದೊಡ್ಡ ಪಾಲು ದೋಸೆಗೇ ಸೇರಿದ್ದು. ಹೋಟೆಲುಗಳು ಮುಚ್ಚಿ, ಊರೂರಿಗೆ ಓಡಾಟ ನಿಂತ ಮೇಲೆ ಬಳಗದಲ್ಲಿ ಉಳಿದವರು ನಾವಿಬ್ಬರೇ. ಪಕ್ಷಿಪ್ರೇಮದಿಂದ ಉಳಿದೆ ಎಂದು ಹೇಳಲಾರೆ. ಮನೆಯಲ್ಲಿ ಕೂತರೆ ಫೋನು ಬರುತ್ತಿತ್ತು, ಫೋನಿನಲ್ಲಿ ಯಾರಾದರೂ ಸತ್ತಿರುತ್ತಿದ್ದರು.

ಬೆಳಗಿನ ಹೊತ್ತು ತರಕಾರಿ ತರಲು ಮಾತ್ರ ಹೊರಗೆ ಬಿಡುತ್ತಿದ್ದರು. ಯಲ್ದೂರು ರಸ್ತೆಯಲ್ಲಿ ತಡೆದ ಪೊಲೀಸಿನವನಿಗೆ ನಾನು ಸತ್ಯವಂತನಂತೆ “ಹಕ್ಕಿ ನೋಡೋಕೆ” ಎಂದಿದ್ದೆ. ಅವನು ಲಾಠಿ ಎತ್ತಲಿಲ್ಲ, ಕನಿಕರದಿಂದ ನೋಡಿದ. ಮಾರನೆಯ ದಿನದಿಂದ ಕಾಣುವಂತೆ ಎರಡು ಕಟ್ಟು ದಂಟಿನ ಸೊಪ್ಪು ಇಟ್ಟುಕೊಂಡು ಹೊರಟೆವು. ಕಾಂತರಾಜನ ಕೈಯಲ್ಲಿ ಆರಡಿಯ ಒಂದು ಬಿದಿರಿನ ಗಳ ಇರುತ್ತಿತ್ತು. ಅದರ ಉದ್ದಕ್ಕಿಂತ ಹತ್ತಿರ ಯಾರೂ ನಿಲ್ಲಕೂಡದು. ಆ ಆರಡಿಯಲ್ಲಿ ಒಂದೂವರೆ ಅಡಿಯನ್ನು ನನ್ನ ಹೊಟ್ಟೆಯೇ ಕಾಯ್ದಿರಿಸಿಕೊಂಡಿತ್ತು.

ಮುನಿಶಾಮಿಗೆ ಐವತ್ತು ದಾಟಿತ್ತು. ಒಣಗಿದ ಮೈ, ಕಿವಿಯ ಸಂದಿಯಲ್ಲೊಂದು ಬೀಡಿ. ಚಿಕ್ಕಂದಿನಲ್ಲಿ ಅಪ್ಪನ ರಾಗಿ ಹೊಲದಲ್ಲಿ ಅಟ್ಟಣೆ ಹತ್ತಿ ಗುಬ್ಬಿ ಓಡಿಸಿದ್ದ. ಹರೆಯದಲ್ಲಿ ಮಾವಿನ ಮಂಡಿಯಲ್ಲಿ ಲಾರಿ ತುಂಬಿಸಿದ. ಬೆನ್ನು ಕೈಕೊಟ್ಟ ಮೇಲೆ ಯಲ್ದೂರಿನ ಪಕ್ಕದ ಈ ತೋಟದ ಕಾವಲಿಗೆ ಸೇರಿ ಮತ್ತೆ ಹಕ್ಕಿಗೇ ಬಂದು ನಿಂತಿದ್ದ. “ಪ್ರಮೋಷನ್ನೇ ಸಿಕ್ಕಿಲ್ಲ ಮೇಷ್ಟ್ರೇ. ಗುಬ್ಬಿಯಿಂದ ಗಿಳಿಗೆ ಬಂದಿವ್ನಿ, ಅಷ್ಟೇ,” ಎನ್ನುತ್ತಿದ್ದ. ಮಗಳು ರಂಜಿತಳನ್ನು ಮಾಲೂರಿಗೆ ಕೊಟ್ಟಿದ್ದ. ಹೆಂಡತಿ ಮುನಿಲಕ್ಷ್ಮಿ ತೋಟದ ಬೇಲಿಗೆ ಕೂಗಳತೆಯಲ್ಲಿದ್ದ ಮನೆಯಲ್ಲಿರುತ್ತಿದ್ದಳು. ಗಂಡಹೆಂಡಿರ ಜಗಳ ರಸ್ತೆಗೆ ಕೇಳುತ್ತಿತ್ತು. ಕೊನೆಗೆ ಅವನು ತೆಲುಗಿಗೆ ಹೊರಳಿ “ಏಮೀ ಕಾದು ಪೋ” ಎನ್ನುತ್ತಿದ್ದ. ಏನೂ ಆಗಲ್ಲ ಹೋಗು ಎಂದು. ಅಲ್ಲಿಗೆ ಜಗಳ ಮುಗಿಯಿತು ಎಂದರ್ಥ.

ಗಿಳಿ ಓಡಿಸಲು ಅವನು ಎತ್ತರದ ಕೊಂಬೆಗೆ ಖಾಲಿ ಎಣ್ಣೆ ಡಬ್ಬವೊಂದನ್ನು ನೇತುಹಾಕಿ, ಒಳಗೆ ಕಬ್ಬಿಣದ ಬೋಲ್ಟು ಕಟ್ಟಿ, ಹಗ್ಗವನ್ನು ಪಂಪ್‌ಸೆಟ್ ಮನೆಯ ಬಾಗಿಲವರೆಗೆ ಎಳೆದುಕೊಂಡಿದ್ದ. ಹಗ್ಗ ಜಗ್ಗಿದರೆ ಡಬ್ಬ ಢಣಢಣ ಎನ್ನುತ್ತಿತ್ತು. ಹಿಂದೆಯೇ ಅವನು ಹೊರಬಂದು “ಹೋಯ್!” ಎಂದು ಕೂಗಿ ಕವಣೆ ಕಲ್ಲು ಬೀಸುತ್ತಿದ್ದ. ಗಿಳಿಗಳ ಜತೆಗೆ ನಮ್ಮ ಕುಟ್ರ, ಪಿಕಳಾರ ಎಲ್ಲವೂ ಪಕ್ಕದ ತೋಟಕ್ಕೆ. ಕಾಂತರಾಜನ ಕ್ಯಾಮೆರಾದಲ್ಲಿ ಖಾಲಿ ಕೊಂಬೆಗಳ ಒಳ್ಳೊಳ್ಳೆಯ ಫೋಟೋಗಳಿದ್ದವು.

ಒಂದು ಬೆಳಿಗ್ಗೆ ಮುನಿಲಕ್ಷ್ಮಿ ಬೇಲಿಯ ಹತ್ತಿರವೇ ನಮ್ಮನ್ನು ತಡೆದಳು.

“ಒಳಕ್ಕೆ ಹೋಗ್ಬೇಡಿ ಸಾರ್. ಆಯಪ್ಪಂಗೆ ಬಂದೈತೆ.”

ಏನು ಎಂದು ಯಾರೂ ಕೇಳುವ ಕಾಲವಲ್ಲ ಅದು. ಊರಿನವರು ಊರೊಳಗೆ ಕಾಲಿಡಬೇಡ ಎಂದಿದ್ದರು. ಪಂಪ್‌ಸೆಟ್ ಮನೆಯಲ್ಲೇ ಒಂದು ಮಂಚ ಹಾಕಿಸಿ ಅವನನ್ನು ಇರಿಸಿದ್ದರು. ಆಶಾ ಕಾರ್ಯಕರ್ತೆ ಮಾತ್ರೆ ಕೊಟ್ಟು ಹೋಗಿದ್ದಳು. ಮುನಿಲಕ್ಷ್ಮಿ ಗಂಜಿಯ ಕ್ಯಾರಿಯರನ್ನು ದೂರದ ಕಲ್ಲಿನ ಮೇಲಿಟ್ಟು ಬೇಲಿಗೆ ವಾಪಸಾದ ಮೇಲೇ ಅವನು ಬಂದು ಎತ್ತಿಕೊಳ್ಳುತ್ತಿದ್ದ.

“ಆಂಬುಲೆನ್ಸ್ ಕರೀತೀನಿ ಅಂದ್ರೆ ಬ್ಯಾಡ ಅಂತಾವ್ನೆ. ನೀವಾರ ಹೇಳಿ ಸಾರ್.”

ನಾನು ಬೇಲಿಯಿಂದಲೇ ಕೂಗಿ ಹೇಳಿದೆ.

“ಬ್ಯಾಡ ಮೇಷ್ಟ್ರೇ!” ಅವನ ದನಿ ಆಗ ಇನ್ನೂ ಗಟ್ಟಿಯಾಗಿತ್ತು. “ಆಸ್ಪತ್ರೆಗೆ ಹೋದೋರೆಲ್ಲ ಫೋನಲ್ಲೇ ವಾಪಸ್ ಬರ್ತಾವ್ರೆ. ನಾನಿಲ್ಲೇ ಚೆನ್ನಾಗಿವ್ನಿ. ಏಯ್ ಲಕ್ಷ್ಮೀ, ಕೇಳಿಲ್ಲಿ. ಡಬ್ಬದ ಸದ್ದು ಬರ್ತಾ ಇದ್ರೆ ನಾನು ಚೆನ್ನಾಗಿವ್ನಿ ಅಂದ್ಕೋ. ನಿಂತೋದ್ರೆ ಅವಾಗ ಕರೆಸು, ಯಾರನ್ನಾದ್ರೂ.”

“ಗಿಳಿಗಿಂತ ಕಡೆಯಾಗೋದ್ನಾ ನಾನು, ನಿನ್ ಡಬ್ಬ ಕೇಳ್ಕೊಂಡ್ ಕೂತ್ಕೊಳಕ್ಕೆ?”

“ಏಮೀ ಕಾದು ಪೋ!”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಪ್ಪಿಕೊಂಡಳು.

ಆಮೇಲೆ ನಾವು ಹೋದಾಗಲೆಲ್ಲ ಡಬ್ಬ ಬಡಿಯುತ್ತಲೇ ಇತ್ತು. ಮೊದಲಿಗಿಂತ ಹೆಚ್ಚೇ. ಮನೆಯಲ್ಲಿ ರಾಗಿ ಕೇರಿದರೂ, ಪಾತ್ರೆ ತೊಳೆದರೂ ಮುನಿಲಕ್ಷ್ಮಿಯ ಒಂದು ಕಿವಿ ತೋಟದಲ್ಲಿರುತ್ತಿತ್ತು. ಸದ್ದು ಕೇಳಿದರೆ ಮುಖ ಸಡಿಲವಾಗುತ್ತಿತ್ತು.

“ಜ್ವರ ಬಂದ್ರೂ ಡ್ಯೂಟಿ ಬಿಡಲ್ವಲ್ಲ ಇವ್ನು,” ಎಂದು ಕಾಂತರಾಜ್ ಗೊಣಗಿದ.

“ನಿಮ್ಮ ಬ್ಯಾಂಕಲ್ಲಿ ಇಂಥೋನು ಒಬ್ಬ ಇದ್ದಿದ್ರೆ ನನ್ನ ಪಾಸ್‌ಬುಕ್ ಇಷ್ಟೊತ್ತಿಗೆ ಪ್ರಿಂಟ್ ಆಗಿರೋದು,” ಎಂದೆ. ಮುನಿಲಕ್ಷ್ಮಿಯೂ ನಕ್ಕಳು. ಹಗ್ಗ ಜಗ್ಗುವವನಿಗೆ ಕಷ್ಟವಾಗುತ್ತಿರಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಸದ್ದು ಇತ್ತಲ್ಲ.

ಮತ್ತೊಂದು ಬೆಳಿಗ್ಗೆ, ಡಬ್ಬ ಬಡಿಯುತ್ತಿದ್ದಾಗಲೇ ಗಿಳಿಗಳ ಒಂದು ಹಿಂಡು ಬಂದು ಪಂಪ್‌ಸೆಟ್ ಮನೆಯ ಮೇಲಿನ ಕೊಂಬೆಗಳಲ್ಲಿ ಇಳಿಯಿತು. “ಹೋಯ್” ಇಲ್ಲ, ಕವಣೆ ಇಲ್ಲ. ಬರೀ ಢಣಢಣಕ್ಕೆ ಅವು ಜಗ್ಗಲಿಲ್ಲ. ಕಾಂತರಾಜ್ ಹಿಗ್ಗಿ ಹೋದ. “ಲೇ, ನೋಡ್ಲಾ, ಇಂಥ ಚಾನ್ಸ್ ಸಿಗಲ್ಲ!” ಎನ್ನುತ್ತಾ ಕ್ಯಾಮೆರಾ ಒತ್ತಿದ್ದೇ ಒತ್ತಿದ್ದು. ನಾನೂ ದುರ್ಬೀನು ಎತ್ತಿದೆ. ಕೆಳಗಿಳಿದ ಒಂದು ಗಿಳಿಯ ಹಿಂದೆ ದುರ್ಬೀನು ಹೊರಳಿಸಿದಾಗ ತೆರೆದ ಬಾಗಿಲಿನೊಳಗೆ ಮಂಚ ಕಂಡಿತು. ಮಂಚದಿಂದ ಒಂದು ಕಾಲು ಜೋಲುಬಿದ್ದಿತ್ತು. ಹಗ್ಗದ ತುದಿ ಆ ಕಾಲಿಗೆ ಕಟ್ಟಿತ್ತು. ಕಾಲು ಜಗ್ಗಿದಾಗ ಡಬ್ಬ ಬಡಿಯುತ್ತಿತ್ತು.

ನನಗೆ ನಗು ಬಂತು. ಬೇಲಿಯ ಆ ತುದಿಯಲ್ಲಿ ನಿಂತಿದ್ದ ಮುನಿಲಕ್ಷ್ಮಿಗೆ ಕೂಗಿದೆ: “ಏನಮ್ಮ, ನಿನ್ನ ಯಜಮಾನ ಮಹಾರಾಜನ ಥರ ಮಲ್ಕೊಂಡು ಕಾಲಲ್ಲೇ ಗಿಳಿ ಓಡಿಸ್ತಾವ್ನಲ್ಲ!”

ಅವಳು ನಗಲಿಲ್ಲ.

“ಕೈಗೇನಾಗೈತೆ ಸಾರ್?”

ನಾನು ಮತ್ತೆ ನೋಡಿದೆ. ಎರಡು ಕೈಯೂ ಎದೆಯನ್ನು ಒತ್ತಿ ಹಿಡಿದಿದ್ದವು. ಬಾಯಿ ತೆರೆದಿತ್ತು. ಪಕ್ಕೆಗಳು ಓಡಿ ಬಂದ ನಾಯಿಯ ಪಕ್ಕೆಗಳಂತೆ ಏರಿ ಇಳಿಯುತ್ತಿದ್ದವು.

ಉತ್ತರ ಹೇಳುವ ಹೊತ್ತಿಗೆ ಅವಳು ಬೇಲಿ ದಾಟಿ ಓಡುತ್ತಿದ್ದಳು. “ಅಮ್ಮಾ, ಮಾಸ್ಕು!” ಎಂದು ಕೂಗಿದ ಕಾಂತರಾಜ್, ಮರುಗಳಿಗೆ ಬಿದಿರಿನ ಗಳ ಬಿಸಾಡಿ ಅವಳ ಹಿಂದೆಯೇ ಓಡಿದ. ನಾನು ಕೊನೆಯವನಾಗಿ ತಲುಪಿದೆ. ಮುನಿಶಾಮಿಯ ತುಟಿ ನೇರಳೆಹಣ್ಣು ತಿಂದವನಂತೆ ಕಪ್ಪಾಗಿತ್ತು. ಅವಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಲಿನ ಹಗ್ಗ ಬಿಚ್ಚುತ್ತಿದ್ದಳು.

“ಯಾಕ್... ಬಂದೆ? ಸದ್ದು... ಬರ್ತಿತ್ತಲ್ಲ.”

“ಬಾಯ್ ಮುಚ್ಕೊಂಡು ಉಸ್ರಾಡು,” ಎಂದಳು.

ಆಂಬುಲೆನ್ಸಿಗೆ ಫೋನು ಮಾಡಿದರೆ, ಬರುವುದು ಮಧ್ಯಾಹ್ನವಾಗುತ್ತದೆ ಎಂದರು. ಕಾಂತರಾಜ್ ತನ್ನ ಕಾರಿನ ಗಾಜುಗಳನ್ನೆಲ್ಲ ಇಳಿಸಿ ಹಿಂದಿನ ಸೀಟಿನಲ್ಲಿ ಇಬ್ಬರನ್ನೂ ಹತ್ತಿಸಿಕೊಂಡು ಕೋಲಾರಕ್ಕೆ ಹೊರಟ. ನಾನು ಬೈಕಿನಲ್ಲಿ ಹಿಂದೆ. ಸಂಜೆ ಹಾಸಿಗೆ ಸಿಕ್ಕಿತು, ಆಕ್ಸಿಜನ್ನೂ ಸಿಕ್ಕಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಎರಡು ದಿನ ಮುಂಚೆ ಕರ್ಕೊಂಡು ಬಂದಿದ್ರೆ ಉಳಿಸಬಹುದಿತ್ತು, ಈಗ ನೋಡೋಣ,” ಎಂದರು. ಆ ವಾರ ಮುಗಿಯುವುದರೊಳಗೆ ಮುನಿಶಾಮಿ ತೀರಿಕೊಂಡ. ಮಣ್ಣು ಮಾಡಿದವರು ಯಾರೋ. ಮುಖ ನೋಡಲು ಬಿಡಲಿಲ್ಲ. ಮಾಲೂರಿನಿಂದ ಮಗಳಿಗೆ ಬರಲಾಗಲಿಲ್ಲ.

ಮುನಿಲಕ್ಷ್ಮಿಗೂ ಜ್ವರ ಬಂದು ಹೋಯಿತು. ಅದಾದ ಮೇಲೆ ನೋಡಲು ಹೋದೆ. ಅಂಗಳದಲ್ಲಿ, ನನಗೂ ಬಾಗಿಲಲ್ಲಿ ಕೂತಿದ್ದ ಅವಳಿಗೂ ನಡುವೆ ಬೇಕಾದಷ್ಟು ಜಾಗ ಬಿಟ್ಟು ನಿಂತೆ. ಹತ್ತು ಜನರನ್ನು ನಗಿಸುವ ಬಾಯಿ ನನ್ನದು ಎಂಬ ಹೆಮ್ಮೆ ಇದ್ದವನು “ಊಟ ಆಯ್ತಾ?” ಎಂದೆ. ಅವಳು ಬೇರೆಯದನ್ನೇ ಕೇಳಿದಳು.

“ಮೊದ್ಲೇ ಕರ್ಕೊಂಡ್ ಹೋಗಿದ್ರೆ ಉಳ್ಕೊತಿದ್ನಾ ಸಾರ್?”

“ಇಲ್ಲಮ್ಮ,” ಎಂದೆ. “ಯಾವಾಗ ಹೋಗಿದ್ರೂ ಅಷ್ಟೇ. ಡಾಕ್ಟ್ರೇ ಹೇಳಿದ್ರು.”

ಅವಳು ನನ್ನ ಮುಖವನ್ನೇ ನೋಡಿದಳು.

“ಆಯಪ್ಪನೂ ಹಿಂಗೇ. ನಂಗೆ ನೋವಾಗ್ಬಾರ್ದು ಅಂತ ಸುಳ್ಳು ಹೇಳಿ ಹೇಳಿ ಹೋದ. ನೀವಾದ್ರೂ ನಿಜ ಹೇಳಿ ಸಾರ್.”

ನಾನು ಹೇಳಿದೆ. ಡಾಕ್ಟರು ಅಂದದ್ದನ್ನು ಹಾಗೆಯೇ ಹೇಳಿದೆ.

“ಹೂಂ,” ಎಂದಳು. ಅಳಲಿಲ್ಲ. ಎದ್ದು ಒಳಗೆ ಹೋದಳು. ಹೋಗಿಬರ್ತೀನಿ ಎನ್ನಲೋ ಬೇಡವೋ ತಿಳಿಯದೆ ನಾನು ಅಂಗಳದಲ್ಲೇ ನಿಂತಿದ್ದೆ. ಅವಳು ಮಗಳಿಗೆ ಫೋನು ಮಾಡಿದ್ದು ಕೇಳಿಸಿತು.

“ರಂಜಿತಾ... ಉಳ್ಕೊತಿದ್ನಂತೆ ಕಣೇ ನಿಮ್ಮಪ್ಪ.”