ಕಾರ್ಬುರೇಟರಿನ ಉಸಿರು ಕೇಳುತ್ತಿದ್ದ ಸಿದ್ದಣ್ಣ

ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು ಸಿದ್ದಣ್ಣ ಕಣ್ಣು ಮುಚ್ಚಿದರೆಂದರೆ, ಸೇಲಂ ಬಳಿಯ ಎಡಪ್ಪಾಡಿಯ ಆ ಕನ್ನಡ ನೇಕಾರರ ಬೀದಿಯಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ಎಪ್ಪತ್ತರ ದಶಕದ ಆರಂಭ. ಕೊಳತ್ತೂರು, ಪಾಲಮಲೆ ಕಡೆಯ ಹಳ್ಳಿಗಳಲ್ಲಿ ಕುರಿಗಳಿಗೆ ಸೂಜಿ ಹಾಕುವುದು ನನ್ನ ಕೆಲಸ. ತಿರುಗಾಡಲು ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ ಇತ್ತು. ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಅದೊಮ್ಮೆ ನಿಂತಲ್ಲೇ ಗಡಗಡ ನಡುಗಿ, ಕೆಮ್ಮಿ, ಆರಿಹೋಗತೊಡಗಿತು. ಸೇಲಂನ ಮೆಕ್ಯಾನಿಕ್‌ಗಳು ಇಂಜಿನ್ ಬಿಚ್ಚಬೇಕೆಂದರು. ಯಾರೋ ಸಿದ್ದಣ್ಣನ ಹೆಸರು ಹೇಳಿದರು.

"ಬಿಚ್ಚೋದು ಕಡೇ ಮಾತು ಸಾರ್. ಮೊದ್ಲು ಅದೇನ್ ಏಳ್ತೈತೆ ಕೇಳುವ," ಎಂದರು ಸಿದ್ದಣ್ಣ. ಪ್ಲಗ್ಗು ಎರಡನ್ನೂ ಕಳಚಿದರು. ಒಂದು ಕಂದು, ಇನ್ನೊಂದು ಸುಣ್ಣದಂತೆ ಬಿಳಿ. "ಈ ಕಡೆ ಗಾಳಿ ಜಾಸ್ತಿ ಓಗ್ತೈತೆ. ಎಲ್ಲೋ ಕಳ್ಳದಾರಿ ಐತೆ." ಪ್ಲಗ್ಗು ಮತ್ತೆ ಹಾಕಿ, ಇಂಜಿನ್ ಓಡುತ್ತಿರುವಾಗಲೇ ಕಾರ್ಬುರೇಟರು ಇಂಜಿನ್ನಿಗೆ ಕೂಡುವ ಸಂದಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರು. ನಡುಕ ಒಂದು ಕ್ಷಣ ತಣ್ಣಗಾಯಿತು; ಕಳ್ಳದಾರಿ ಅಲ್ಲೇ ಇತ್ತು. ದಪ್ಪ ಕಾಗದದಲ್ಲಿ ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದರು. ಆಮೇಲೆ ಎಕ್ಸಲರೇಟರಿನ ಎರಡು ಕೇಬಲ್ಲುಗಳ ಸಡಿಲ ಸಮ ಮಾಡಿ, ಕೊಳವೆಯಿಂದ ಒಮ್ಮೆ ಇದರ, ಒಮ್ಮೆ ಅದರ ಸದ್ದು ಕೇಳುತ್ತ, ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸಿದರು.

"ಎಲ್ಡೂ ಒಂದೇ ಸಮ ಉಸ್ರು ಎಳೀಬೇಕು ಸಾರ್. ಒಂದು ಎಳ್ದು ಇನ್ನೊಂದು ಸುಮ್ನಿದ್ರೆ ಸಂಸಾರ ನಡೀತೈತಾ?"

ಒಳಗೆ ಮಗ್ಗದ ಮುಂದಿದ್ದ ಹೆಂಡತಿ ಚೌಡಮ್ಮ ನಕ್ಕರು. "ಏಳೋರ್ನ ನೋಡಿ ಸಾರ್! ಈ ಮನೇಲಿ ಎಳೆಯೋಳು ನಾನೊಬ್ಳೇ."

ಮೂರನೆಯ ವರ್ಷ ಗಾಡಿ ಅವರ ಕೈಯಿಂದ ಮೊದಲಿಗಿಂತ ಕೆಟ್ಟು ಹೊರಬಂತು. ಮರುದಿನ ಹಿಂತಿರುಗಿದೆ. ಸಿದ್ದಣ್ಣ ಬಹಳ ಹೊತ್ತು ಕೊಳವೆ ಹಿಡಿದು ಕೂತರು. ಹಣೆ ಬೆವರಿತ್ತು. ಕಡೆಗೆ ನನ್ನತ್ತ ಬಾಗಿ, "ಬಲಗಿವಿ ಪೂರಾ ಓಯ್ತು ಸಾರ್. ಎಡದ್ದೂ ಓಗ್ತಾ ಐತೆ. ಯಾರ್ಗೂ ಏಳ್ಬ್ಯಾಡಿ," ಎಂದರು. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಅವರು ಆಡಿದ ಮಾತು ಇಡೀ ಬೀದಿಗೆ ಕೇಳಿಸಿತು.

ಚೌಡಮ್ಮ ಮಗ್ಗ ಬಿಟ್ಟು ಎದ್ದು ಬಂದು ಕೊಳವೆ ಕಸಿದುಕೊಂಡರು. ಸದ್ದು ಹೆಚ್ಚಾದರೆ ಕೈ ಮೇಲೆತ್ತುವರು, ಕಮ್ಮಿಯಾದರೆ ಇಳಿಸುವರು. ಆ ಕೈ ನೋಡುತ್ತ ಸಿದ್ದಣ್ಣ ಸ್ಕ್ರೂ ತಿರುಗಿಸುವರು. ಹೆಂಗಸು ಗಾಡಿ ರಿಪೇರಿಗೆ ಕೂತಳೆಂದು ಎದುರಿನವರು ನಕ್ಕಾಗ, "ಸಾವಿರ ಎಳೇಲಿ ಒಂದು ಸಡಿಲಾದ್ರೆ ನಂಗೆ ಗೊತ್ತಾಗ್ತೈತೆ. ಇದು ಎಲ್ಡೇ ತಾನೆ?" ಎಂದರು ಚೌಡಮ್ಮ. ನನ್ನ ಗಾಡಿ ನಾಲ್ಕು ವರ್ಷ ಹಾಗೆ ಓಡಿತು.

ಆಮೇಲೆ ಕಾಮಾಲೆ ಬಂದು ಎಂಟೇ ದಿನಕ್ಕೆ ಚೌಡಮ್ಮ ತೀರಿಕೊಂಡರು.

ತಿಂಗಳ ಬಳಿಕ ಹೋದೆ. ನನಗೆ ದೂರದ ಹರೂರಿಗೆ ವರ್ಗವಾಗಿತ್ತು. ಗಾಡಿಯೂ ಮತ್ತೆ ನಡುಗುತ್ತಿತ್ತು. ಸಿದ್ದಣ್ಣ ಕೊಳವೆಯನ್ನು ನನ್ನ ಕೈಗಿತ್ತು, "ನೀವ್ ಕೇಳಿ ಸಾರ್," ಎಂದರು. ನನ್ನ ಕಿವಿಗೆ ಎರಡೂ ಒಂದೇ ಥರದ ಗಾಳಿ. ಊಹೆಯ ಮೇಲೆ ಕೈ ಎತ್ತಿದೆ, ಇಳಿಸಿದೆ. ಅವರು ಸ್ಕ್ರೂ ಬಿಟ್ಟು ನನ್ನ ಮುಖ ನೋಡಿದರು. ಇಂಜಿನ್ ಆರಿಸಿದರು.

"ನಿಮ್ಗೂ ಗೊತ್ತಾಗ್ತಿಲ್ಲ, ಅಲ್ವಾ? ಪರವಾಗಿಲ್ಲೆ ಸಾರ್."

"ನನಗೆ ಹರೂರಿಗೆ ವರ್ಗವಾಗಿದೆ ಸಿದ್ದಣ್ಣ," ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಅವರು ಸುಮ್ಮನೆ ನಕ್ಕರು. ಮೂರನೆಯ ಸಲ ಬೀದಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಆಗಲಿಲ್ಲ.

"ಮುಂದಿನ ತಿಂಗ್ಳು ಬನ್ನಿ. ಅಷ್ಟ್ರಾಗೆ ಏನಾದ್ರೂ ದಾರಿ ಮಾಡಿರ್ತೀನಿ," ಎಂದರು. ನಾನು ಬರುತ್ತೇನೆಂಬಂತೆ ತಲೆಯಾಡಿಸಿದೆ.

ಒಂದೂವರೆ ವರ್ಷ ಕಳೆದು ಎಡಪ್ಪಾಡಿಗೆ ಬಸ್ಸಿನಲ್ಲಿ ಹೋದಾಗ ಸಿದ್ದಣ್ಣನ ರಿಪೇರಿ ಶೆಡ್ಡಿನ ತುಂಬ ನೂಲಿನ ಮೂಟೆಗಳಿದ್ದವು. ಪಕ್ಕದ ಟೀ ಅಂಗಡಿಯವನು ನನ್ನ ಗುರುತು ಹಿಡಿದ.

"ಪೋಯಿಟ್ಟಾರ್ ಸಾರ್, ತೀರ್ಕೊಂಡ್ರು. ಮೂರು ತಿಂಗ್ಳಾತು. ತಿಂಗ್ಳು ತಿಂಗ್ಳೂ ಕೇಳೋರು, ಕುರಿ ಡಾಕ್ಟ್ರ ಗಾಡಿ ಬಂತಾ ಅಂತ. ನಾವು ಇಲ್ಲ ಅಂದ್ರೆ ನಂಬ್ತಿರ್ಲಿಲ್ಲ. ಬಂದಿರ್ತೈತೆ, ನಂಗೆ ಕೇಳ್ಸಿಲ್ಲ ಅಷ್ಟೇ, ಅನ್ನೋರು."