ಭಾನುವಾರದ ಮೌನ ಮತ್ತು ಮಿರ್ಚಿ ಭಜಿ

ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನದವರೆಗೆ ಮಾತಾಡಬಾರದೆಂದು ನಿರ್ಧರಿಸಿದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ. ಸ್ವಲ್ಪ ಸುಮ್ಮನಿದ್ದರೆ ಒಳಗೇನಿದೆ ಎಂದು ಕೇಳಿಸೀತು ಎನ್ನುವ ಆಸೆ. ಕಾಗದದ ಕಾರ್ಖಾನೆಯಿಂದ ನನಗಿಂತ ಮೊದಲೇ ನಿವೃತ್ತರಾಗಿದ್ದ ಯಜಮಾನರು, ಶನಿವಾರವನ್ನೂ ಸೇರಿಸಿಕೊಂಡರೆ ಅಡ್ಡಿಯಿಲ್ಲ ಎಂದರು.

ಬಂಗೂರನಗರದ ನಮ್ಮ ಮನೆಯ ಹಿತ್ತಲಲ್ಲಿ ಕೂತು ಸಾವು, ದೇವರು, ಬದುಕಿನ ಅರ್ಥ ಎಂದೆಲ್ಲ ಗಂಭೀರವಾಗಿ ಯೋಚಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಹೊತ್ತು ಮನಸ್ಸು ನುಗ್ಗೆಕಾಯಿ ಸಾರಿನ ಕಡೆಗೇ ಹೋಗುತ್ತಿತ್ತು.

ಅಂಥದೊಂದು ಭಾನುವಾರ ಪಕ್ಕದ ಮನೆಯ ಗೆಳತಿ ಬಂದಳು. ಅವಳ ಗಂಡ ಮೆಕ್ಯಾನಿಕ್. ಅವರಿಂದಲೇ ಈ ವಯಸ್ಸಿನಲ್ಲಿ ಸ್ಕೂಟರ್ ಕಲಿತಿದ್ದಳು. ಬುರ್ಖಾ ಚಕ್ರಕ್ಕೆ ಸಿಗದಂತೆ ಮಡಚಿ ಸಿಕ್ಕಿಸಿಕೊಂಡು, ಜೊಯಿಡಾದವರೆಗೆ ಹೋಗಿಬರೋಣ ಎಂದಳು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

"ನಿನ್ನ ಮೌನಕ್ಕೂ ಗಾಡಿ ಮ್ಯಾಲೆ ಜಾಗಾ ಐತಿ. ಕೂಡು," ಎಂದಳು.

ಕಾಡಿನ ದಾರಿಯ ಒಂದೊಂದು ತಿರುವಿನಲ್ಲೂ ದೇವರನ್ನು ನೆನೆದೆ. ಹಿತ್ತಲಲ್ಲಿ ಕೂತಾಗ ಅಷ್ಟು ಶ್ರದ್ಧೆ ಎಂದೂ ಬಂದಿರಲಿಲ್ಲ.

ಜೊಯಿಡಾ ಹತ್ತಿರ ಒಂದು ಚಹಾದಂಗಡಿಯಲ್ಲಿ ಒಬ್ಬಾಕೆ ಭಜಿ ಕರಿಯುತ್ತಿದ್ದಳು. ಗೆಳತಿ ಗಾಡಿಗೆ ನೆರಳು ಹುಡುಕಲು ಹೋದಳು. ಏನು ಬೇಕೆಂದು ಕೇಳಿದ ಅಂಗಡಿಯಾಕೆಗೆ ನಾನು ಸನ್ನೆ ಮಾಡಿದೆ. ನನಗೆ ಮಾತು ಬಾರದೆಂದೇ ಆಕೆ ತಿಳಿದಳು. ಭಜಿಯ ತಟ್ಟೆ ಇಟ್ಟು, ಎದುರಿಗೇ ಕೂತು, ನಡುನಡುವೆ ಕೊಂಕಣಿ ಬೆರೆಸಿ ತನ್ನದೆಲ್ಲ ಹೇಳತೊಡಗಿದಳು. ಗಂಡ ತೀರಿಕೊಂಡು ವರ್ಷಗಳಾದವಂತೆ, ಒಬ್ಬಳೇ ಇರುವುದು ರೂಢಿಯಾಗಿದೆಯಂತೆ. ಗೌರಿ ಹಬ್ಬದಲ್ಲಿ ಹೆಂಗಸರು ಕೈ ಹಿಡಿದು ಗಿರಗಿರ ತಿರುಗುವ ಫುಗಡಿಗೆ ಮೊದಲೆಲ್ಲ ಇವಳದೇ ಹಾಡು. ಅದನ್ನು ಬಿಟ್ಟದ್ದೇ ಅವಳಿಗೆ ದೊಡ್ಡ ಸಂಕಟ.

"ಈಗ ಹಾಡಿದ್ರ ಮಂದಿ ಏನಂತಾರೋ ಅಂತ ಅಂಜಿಕಿ," ಎಂದಳು.

ಇಷ್ಟು ವರ್ಷ ನಾನು ಯಾರ ಮಾತನ್ನೂ ನಡುವೆ ಬಾಯಿ ಹಾಕದೆ ಇಷ್ಟು ಹೊತ್ತು ಕೇಳಿರಲಿಲ್ಲ. ಹಾಡ್ರಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅದನ್ನು ತಡೆಯಲು ಒಂದು ಮಿರ್ಚಿ ಭಜಿಯನ್ನು ಇಡಿಯಾಗಿ ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಬಂತು, ಕಿವಿ ಬಿಸಿಯಾಯಿತು.

"ಯವ್ವಾ, ಖಾರ! ನೀರ ಕೊಡ್ರಿ," ಎಂದುಬಿಟ್ಟೆ.

ಆಕೆ ಬೆಚ್ಚಿ ಎದ್ದು ನಿಂತಳು. ಅಷ್ಟರಲ್ಲಿ ಬಂದ ಗೆಳತಿ ನನ್ನ ವ್ರತದ ಕತೆ ಹೇಳಿದಳು. ಸಿಟ್ಟಾದಾಳೆಂದು ನಾನು ಕೈ ಮುಗಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದವಳು, ನಗು ತಡೆಯದೆ ಬೆಂಚಿನ ಮೇಲೆ ಕುಸಿದು ಕೂತಳು. ನಾವೂ ನಕ್ಕೆವು. ನಗು ನಿಂತ ಮೇಲೆ ನಾನೇ ಕೇಳಿದೆ, "ಒಂದು ಹಾಡ್ರಿ. ಇಲ್ಲಿ ಮಂದಿ ಅಂದ್ರ ನಾವ ಇಬ್ಬರು."

ಮೊದಲು ಮೆಲ್ಲಗೆ, ಆಮೇಲೆ ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹಾಡಿದಳು. ಗೆಳತಿ ನನ್ನ ಕೈ ಹಿಡಿದೆಳೆದಳು. ಮೊಣಕಾಲು ನೋವೆಂದು ವರ್ಷಗಳಿಂದ ಗೊಣಗುತ್ತಿದ್ದ ನಾನು ಅಂಗಡಿಯ ಮುಂದೆ ಫುಗಡಿ ತಿರುಗಿದೆ.

ಈಗಲೂ ಭಾನುವಾರ ಸುಮ್ಮನಿರುತ್ತೇನೆ. ಆ ಮೌನ ನನಗೆ ಬೇಕು. ಹೊರಗೆ ಸ್ಕೂಟರಿನ ಹಾರ್ನ್ ಕೇಳಿದರೆ ಮಾತ್ರ ಎದ್ದು ಚಪ್ಪಲಿ ಹುಡುಕುತ್ತೇನೆ.