ಬಡಿಯಾಕಿ

ಜೋಳದ ರೊಟ್ಟಿಯನ್ನು ನಮ್ಮ ಕಡೆ ತಟ್ಟುವುದಿಲ್ಲ, ಬಡಿಯುತ್ತೇವೆ. ಹುಬ್ಬಳ್ಳಿಯ ಯಾವ ಓಣಿಯಲ್ಲಿ ಮುಂಜಾನೆ ನಡೆದರೂ ಆ ಪಟಪಟ ಸದ್ದು ಮನೆಯಿಂದ ಮನೆಗೆ ದಾಟುತ್ತ ನಿಮ್ಮ ಜೊತೆಜೊತೆಗೇ ಬರುತ್ತದೆ. ನಮ್ಮ ಮನೆಯಲ್ಲಿ ಬಡಿಯುವವರು ಅತ್ತೆ, ಬೇಯಿಸುವವಳು ನಾನು. ಮದುವೆಯಾದ ಹೊಸದರಲ್ಲಿ ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು, "ಇದು ರೊಟ್ಟಿ ಅಲ್ಲವ್ವಾ, ಯಾವುದೋ ದೇಶದ ನಕಾಶಿ" ಎಂದಿದ್ದರು. ಅಂದಿನಿಂದ ಹಂಚಿನ ಮುಂದಿನ ಜಾಗ ನನಗೆ ಕಾಯಂ ಆಯಿತು.

ಆದ್ದರಿಂದಲೇ ಇರಬೇಕು, ತೊಂಬತ್ತರ ದಶಕದ ಕೊನೆಯಲ್ಲೊಂದು ಸಂಜೆ ಹೈಸ್ಕೂಲಿನಿಂದ ಬಂದ ಮಗಳು ವೀಣಾ, ಬೇಸ್‌ಬಾಲಿನ ತಂಗಿಯಂತಿರುವ ಸಾಫ್ಟ್‌ಬಾಲ್ ಆಟದಲ್ಲಿ ತನಗೆ ಸಿಕ್ಕ ಜಾಗದ ನಿಯಮವನ್ನು ಹೇಳಿದಾಗ ನನಗದು ಥಟ್ಟನೆ ತಿಳಿಯಿತು. ಚೆಂಡೆಸೆಯುವವಳ ಬದಲಿಗೆ ಬೇರೊಬ್ಬಳು ಬ್ಯಾಟು ಬೀಸಬಹುದು. ಅವಳು ಬೀಸಿ, ಓಡಿ, ಬಂದು ಕೂರಬೇಕು. ಎದುರಾಳಿಗಳು ಆಡುವಾಗ ಮೈದಾನ ಕಾಯುವ ಕೆಲಸ ಅವಳದಲ್ಲ. ಹಾಗೊಮ್ಮೆ ಕಾಯಲು ಇಳಿದಳೋ, ಆ ಸವಲತ್ತು ಅಲ್ಲಿಗೇ ಮುಗಿಯಿತು. ಮುಂದೆ ಚೆಂಡೆಸೆಯುವವಳೇ ಬ್ಯಾಟನ್ನೂ ಹಿಡಿಯಬೇಕು.

"ಅಂದ್ರ ನೀ ಬಡಿಯಾಕಿ" ಎಂದೆ. ಆ ಹೆಸರು ತಂಡಕ್ಕೆಲ್ಲ ಹಬ್ಬಿತು.

ವೀಣಾಳ ಬಲಮೊಣಕೈ ಸಣ್ಣಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬ್ಯಾಟು ಬೀಸಲು ಅಡ್ಡಿಯಿರಲಿಲ್ಲ; ಚೆಂಡನ್ನು ಒಗೆದರೆ ಮಾತ್ರ ಅದು ಅವಳ ಕಾಲಬುಡದಲ್ಲೇ ಬೀಳುತ್ತಿತ್ತು. ಗೆಳತಿಯರು ಮೈದಾನದಲ್ಲಿ ಹರಡಿ ನಿಂತಾಗ ತಾನು ನೀರಿನ ಬಾಟಲಿಗಳ ನಡುವೆ ಕೂರುವುದೆಂದರೆ ಅವಳಿಗೆ ಸಂಕಟ. "ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರವ್ವಾ ನನಗ. ಒಮ್ಮಿಯಾರ ಒಳಗ ನಿಂದರಬೇಕ ನಾ" ಎನ್ನುತ್ತಿದ್ದಳು.

ನಾನೋ, ಬದಲಿ ಎಂಬ ಮಾತಿನಲ್ಲಿ ಅವಮಾನ ಕಂಡವಳಲ್ಲ. ನಳದ ಪಾಳಿಯಲ್ಲಿ ನಮ್ಮ ಬದಲಿಗೆ ನಮ್ಮ ಕೊಡ ನಿಲ್ಲುತ್ತದೆ. ನಾವು ಒಳಗೆ ಒಗ್ಗರಣೆ ಹಾಕುವಾಗ ಅದು ಹೊರಗೆ ಬಾಯಿ ತೆರೆದುಕೊಂಡು ನಮ್ಮ ಹಕ್ಕನ್ನು ಕಾಯುತ್ತದೆ. ಆದರೆ ಕೊಡಕ್ಕೆ ಆಸೆಯಿಲ್ಲ, ಮಗಳಿಗಿತ್ತು.

ಫೈನಲ್ ಪಂದ್ಯ ಧಾರವಾಡದ ಶಾಲೆಯೊಂದರ ಜೊತೆ. ಅತ್ತೆಯೂ ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಬಂದು ಕುಳಿತಿದ್ದರು. ಎದುರಾಳಿಗಳ ಕೊನೆಯ ಸರದಿ. ನಾವು ಒಂದೇ ಒಂದು ರನ್ ಮುಂದೆ. ಇನ್ನೊಬ್ಬಳು ಔಟಾದರೆ ಗೆದ್ದಂತೆ. ಅಷ್ಟರಲ್ಲಿ ಬಲತುದಿಯಲ್ಲಿ ನಿಂತಿದ್ದ ಕಸ್ತೂರಿಯ ಕಾಲು ಉಳುಕಿತು. ಬದಲಿ ಹುಡುಗಿಯರೆಲ್ಲ ಆಗಲೇ ಆಡಿ ಮುಗಿಸಿದ್ದರು. ಕುಂಟುತ್ತಲೇ ನಿಲ್ಲುತ್ತೇನೆಂದು ಕಸ್ತೂರಿಯ ಹಟ. ಆಟ ಕಲಿಸುವ ಅಕ್ಕೋರು ಹಣೆ ಒತ್ತಿಕೊಂಡರು. "ವೀಣಾನ್ನ ಇಳಿಸಿ, ಆಟ ಸಮ ಆಗಿ ಮುಂದುವರದ್ರ ಶಬಾನಾ ಬ್ಯಾಟ್ ಹಿಡೀಬೇಕಾಕ್ಕತಿ."

ಚೆಂಡೆಸೆಯುವ ಶಬಾನಾ ಅಲ್ಲಿಂದಲೇ ಕೂಗಿದಳು. "ಬ್ಯಾಟ್ ಅಂದ್ರ ನನಗ ಕಸಬರಿಗಿ ಇದ್ದಂಗ್ರಿ ಅಕ್ಕೋರ. ಬಂದ್ರ ಗುಡಸ್ತೇನ್ರಿ. ಆಕೀನ್ನ ಕಳಸ್ರಿ."

ವೀಣಾ ಇಳಿದಳು. ಚೆಂಡೂ ಎಲ್ಲಿಗೆ ಬರಬಾರದಿತ್ತೋ ಅಲ್ಲಿಗೇ, ಅವಳತ್ತಲೇ ಪುಟಿಯುತ್ತ ಬಂತು. ಅದನ್ನು ಹಿಡಿದಳು, ಒಗೆಯಲಿಲ್ಲ. ಹೊಡೆದ ಹುಡುಗಿ ಆಗಲೇ ಮೊದಲ ಬೇಸ್, ನಮ್ಮ ಮಾತಿನಲ್ಲಿ ಗೂಟ, ಮುಟ್ಟಿದ್ದಳು. ಅವಳ ಕಡೆಯವರು ನಗುತ್ತ, "ಆಕಿಗೆ ಒಗೀಲಿಕ್ಕೆ ಬರೂದಿಲ್ಲ, ಸಾವಕಾಶ ಹೋಗ್ವಾ" ಎಂದರು. ಅವಳು ಖರೇನೇ ಸಾವಕಾಶವಾಗಿ, ಪೇಟೆಗೆ ಹೊರಟವಳಂತೆ ಎರಡನೆಯದರತ್ತ ನಡೆದಳು.

ಪಕ್ಕದಲ್ಲಿ ಅತ್ತೆ ಎದ್ದು ನಿಂತರು, ಬುತ್ತಿ ಉರುಳಿತು. "ಒಗೀಬ್ಯಾಡ ನಮ್ಮವ್ವಾ, ಓಡು. ನೀನ ಓಡು."

ಓಡಿದಳು ನೋಡಿ. ಗೂಟ ಬಿಟ್ಟು ದಾರಿಯಲ್ಲಿರುವವಳನ್ನು ಚೆಂಡು ಹಿಡಿದ ಕೈಯಿಂದ ಮುಟ್ಟಿದರೂ ಅವಳು ಔಟೇ. ನಮ್ಮ ಊರಿನ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ನಿನ್ನೆ ಮೊನ್ನೆಯದು, ಖೋಖೋ ಹುಟ್ಟಿನಿಂದ ಬಂದದ್ದು. ಜಡೆ ಹಿಂದಕ್ಕೆ ಹಾರಿಸುತ್ತ, ಮೈ ಬಾಗಿಸಿ, ಅಡ್ಡ ನುಗ್ಗಿ ಆ ಹುಡುಗಿಯ ಬೆನ್ನಿಗೆ ಚೆಂಡು ಒತ್ತಿದ ವೀಣಾ, ರೂಢಿ ಬಿಡದೆ "ಖೋ" ಎಂದುಬಿಟ್ಟಳು. ಅದನ್ನು ಕೇಳಿದ್ದೇ ತಡ, ಎರಡನೆಯ ಗೂಟ ಕಾಯುತ್ತಿದ್ದ ನಮ್ಮ ಹುಡುಗಿ, ಯಾರನ್ನು ಬೆನ್ನಟ್ಟಬೇಕೆಂದು ತಿಳಿಯದಿದ್ದರೂ, ಜಾಗ ಬಿಟ್ಟು ಓಟ ಕಿತ್ತಳು. ಅಂಪೈರು ನಗು ತಡೆಯಲಾರದೆ ಔಟೆಂದು ಕೈಯೆತ್ತಿದರು.

ಕಪ್ಪು ಹಿಡಿದು ಫೋಟೋಕ್ಕೆ ನಿಲ್ಲಲು ಕರೆದರೂ ವೀಣಾ ಬೇಗ ಬರಲಿಲ್ಲ. ಬಲತುದಿಗೆ ಮರಳಿ ಹೋಗಿ, ಸುಮ್ಮನೆ ಒಂದಿಷ್ಟು ಹೊತ್ತು ಅಲ್ಲಿ ನಿಂತು ಬಂದಳು.

ಮರುದಿನ ಮುಂಜಾನೆ ನಾನು ಅಡುಗೆಮನೆಗೆ ಹೋದಾಗ ಅತ್ತೆ ಹಂಚಿನ ಮುಂದೆ ಕುಳಿತಿದ್ದರು. ರೊಟ್ಟಿ ಬಡಿಯುವ ಕೊಣಮಿಗೆ, ನಾದಿದ ಹಿಟ್ಟು ಈಚೆ ಇದ್ದವು.

"ಇವತ್ತ ನೀ ಬಡಿ."

"ನಕಾಶಿ ಆಕ್ಕತ್ರಿ ಅತ್ತ್ಯಾರ."

"ಆಗ್ಲಿ. ಆದ್ರ ನೋಡ್ಕೋ, ಒಮ್ಮಿ ಇಳದಿ ಅಂದ್ರ ಮುಂದ ಬಡಿಯೂದು, ಬೇಯಿಸೂದು ಎರಡೂ ಮಾಡಬೇಕು. ನಿನ್ನೆ ಅಕ್ಕೋರು ಹೇಳಿಲ್ಲೇನು?"

ಬಡಿದೆ. ಅಂಚು ಮೂರು ಕಡೆ ಸೀಳಿತು, ಒಂದು ಮೂಲೆ ಬಾಲದಂತೆ ಹೊರಚಾಚಿತು. ಅತ್ತೆ ಅದನ್ನು ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಒತ್ತಿದರು. ಅದು ಸೊಟ್ಟ ಹೊಟ್ಟೆಯನ್ನೇ ತುಂಬಿಕೊಂಡು ಉಬ್ಬಿತು. ವೀಣಾ ಅದನ್ನೇ ಆರಿಸಿ ತಾಟಿಗೆ ಹಾಕಿಕೊಂಡು, ಮೊದಲು ಬಾಲವನ್ನು ಮುರಿದಳು.